ಕೊಟ್ಟ ಹಣದ ಲೆಕ್ಕ

ಬಾದಾಮಿಯ ಮೂರನೆಯ ಗುಹೆಗೆ ಹೋದವರು ಅಲ್ಲಿಯ ಮೂರ್ತಿಗಳನ್ನು ಕಣ್ತುಂಬ ನೋಡುವರು. ಅಕ್ಷರಗಳ ಕಡೆಗೆ ತಿರುಗುವವರು ವಿರಳ. ಕ್ರಿ. ಶ. 578ರಲ್ಲಿ ಮಂಗಳೇಶನು ಆ ವಿಷ್ಣುಗೃಹಕ್ಕೆ ಗ್ರಾಮವೊಂದನ್ನು ದತ್ತಿ ಬಿಟ್ಟು, ನಾರಾಯಣಬಲಿಗಾಗಿ ಹದಿನಾರು ಜನ ಬ್ರಾಹ್ಮಣರನ್ನು ನಿಯಮಿಸಿ, ಮಿಕ್ಕದ್ದು ಪರಿವ್ರಾಜಕರ ಭೋಜನಕ್ಕೆ ಸಲ್ಲತಕ್ಕದ್ದೆಂದು ಸಂಸ್ಕೃತದಲ್ಲಿ ಕೆತ್ತಿಸಿದನು. ಅಷ್ಟಕ್ಕೇ ಬಿಡದೆ ಕನ್ನಡದಲ್ಲಿಯೂ ದತ್ತಿಯನ್ನು ಬರೆಯಿಸಿ, ಮಾಲೆಗಾರರ ಪಾಲನ್ನು ಹೇಳಿ, ಅದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗುವನೆಂದು ಶಪಿಸಿದನು. ಶಾಪದ ಮಾತು ಹಾಗಿರಲಿ. ಕೊಟ್ಟದ್ದು ಏತಕ್ಕೆಂಬುದು ದಾರಿಹೋಕನಿಗೂ ತಿಳಿಯುವಂತಿತ್ತು.

ಈಗ ನಮ್ಮ ಕಾಲೇಜುಗಳ ಮಾತು. ಬಾಗಲಕೋಟೆಯಲ್ಲಿ 1906ರಲ್ಲಿಯೇ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಹುಟ್ಟಿತು. ಇಂದು ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿಯೂ ಪದವಿ ಕಾಲೇಜುಗಳಿರುವವು. ಖಾಸಗಿ ಅನುದಾನಿತ ಕಾಲೇಜುಗಳಲ್ಲಿ ಮಂಜೂರಾದ ಹುದ್ದೆಗಳ ಸಂಬಳವನ್ನು ಸರಕಾರವು ಕೊಡುವದು. ಎಂದರೆ ಇಳಕಲ್ಲಿನ ನೇಕಾರನೂ ಕೊಡುವನು. ಕೊಟ್ಟವನು ಲೆಕ್ಕ ಕೇಳುವದು ಹೊಸತಲ್ಲ. 1854ರ ವುಡ್ ಸಾಹೇಬರ ಆಜ್ಞಾಪತ್ರವೇ ಅನುದಾನಕ್ಕೆ ಸರಕಾರೀ ತಪಾಸಣೆಯ ಕರಾರನ್ನು ಕಟ್ಟಿತು. 1971ರ ಕಾಯಿದೆಯಂತೆ, ವರ್ಷದ ಅನುದಾನವು 25 ಲಕ್ಷ ರೂಪಾಯಿಗೆ ಕಡಮೆಯಿಲ್ಲದೆ ಸಂಸ್ಥೆಯ ವೆಚ್ಚದ ನೂರಕ್ಕೆ 75 ಪಾಲಾದರೂ ಆದರೆ, ಮಹಾಲೇಖಪಾಲರು ಅದರ ಲೆಕ್ಕವನ್ನು ನೋಡತಕ್ಕದ್ದು. 1994ರಿಂದ ಗುಣಮಟ್ಟಕ್ಕೆ ಶ್ರೇಣಿ ಕೊಡಲು ನ್ಯಾಕ್ ಎಂಬ ಪರಿಷತ್ತಿರುವದು. 2025ರ ಫೆಬ್ರುವರಿಯಲ್ಲಿ ಅದರ ಪರಿಶೀಲನ ಸಮಿತಿಯೊಂದರ ಸದಸ್ಯರನ್ನೇ ಲಂಚದ ಆರೋಪದ ಮೇಲೆ ಬಂಧಿಸಲಾಯಿತು!

ಇವೆಲ್ಲ ಮೇಲ್ಮುಖವಾದ ಲೆಕ್ಕಗಳು. ಕಾಲೇಜು ಕಚೇರಿಗೆ ಒಪ್ಪಿಸುವದು, ಕಚೇರಿ ಬೆಂಗಳೂರಿಗೆ. ಮಗಳನ್ನು ಬಸ್ಸಿಗೆ ಹತ್ತಿಸಿ ಕಳುಹುವ ಗೃಹಸ್ಥನಿಗೆ ಒಂದು ಹಾಳೆಯೂ ಕಾಣದು. ಗಣಿತಕ್ಕೆ ಕಾಯಂ ಅಧ್ಯಾಪಕರಿರುವರೋ, ಅತಿಥಿಗಳೋ? ಹುದ್ದೆ ಎಷ್ಟು ವರ್ಷಗಳಿಂದ ತೆರವಾಗಿದೆ? ಪಡೆದ ಶುಲ್ಕಕ್ಕೆಲ್ಲ ರಸೀದಿಯುಂಟೋ? ಅವನಿಗೆ ಬೇಕಾದದ್ದು ಇವೇ.

ಕೇಳುವ ಹಕ್ಕಂತೂ ಇದೆ. ಸರಕಾರದಿಂದ ಗಣನೀಯವಾಗಿ ಹಣ ಪಡೆಯುವ ಕಾಲೇಜು 2005ರ ಮಾಹಿತಿ ಹಕ್ಕು ಕಾಯಿದೆಗೆ ಒಳಪಡುವದೆಂದು ಸುಪ್ರೀಮ್ ಕೋರ್ಟು 2019ರಲ್ಲಿ ಡಿ. ಎ. ವಿ. ಕಾಲೇಜಿನ ವ್ಯಾಜ್ಯದಲ್ಲಿ ತೀರ್ಮಾನಿಸಿರುವದು. ನಮ್ಮ ರಾಜ್ಯದಲ್ಲಿ ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, ಸುಮಾರು 150 ಶಬ್ದಗಳ ಮಿತಿ. 30 ದಿನಗಳಲ್ಲಿ ಉತ್ತರ ಬರತಕ್ಕದ್ದು. (ಶಬ್ದಮಿತಿಯು ನಮ್ಮಂಥ ಪಂಡಿತರಿಗೇ ಕಷ್ಟ.)

“ಕೇಳಿದರೆ ಮಗನ ಆಂತರಿಕ ಅಂಕಗಳಿಗೆ ಕುತ್ತು ಬಂದೀತು” ಎಂದು ಅಂಜುವವರುಂಟು. ಆ ಅಂಜಿಕೆಯನ್ನು ನಾನು ಹಳಿಯಲಾರೆ. ಆದರೆ ಅರ್ಜಿದಾರನು ಕಾರಣವನ್ನು ಹೇಳಬೇಕಾಗಿಲ್ಲ. ಮಕ್ಕಳು ಅಲ್ಲಿ ಓದುತ್ತಿರಬೇಕೆಂಬ ನಿಯಮವೂ ಇಲ್ಲ. ಆದುದರಿಂದ ಈ ಕೆಲಸವು ಓಣಿಯ ನಿವೃತ್ತರಿಗೆ ತಕ್ಕದ್ದು.

ಉತ್ತರ ಬಂದ ಮೇಲೆ ಆತುರದಿಂದ ಪ್ರಾಚಾರ್ಯರನ್ನು ದೂಷಿಸಬಾರದು. ತೆರವಾದ ಅನುದಾನಿತ ಹುದ್ದೆಯನ್ನು ತುಂಬಲು ಸರಕಾರದ ಅನುಮತಿ ಬೇಕು. ಅನುಮತಿಯನ್ನು ಯಾವ ದಿನ ಬೇಡಿದರು, ಆ ಪತ್ರ ಈಗ ಯಾರ ಮೇಜಿನ ಮೇಲಿದೆಯೆಂದು ಎರಡನೆಯ ಅರ್ಜಿಯನ್ನು ಇಲಾಖೆಗೇ ಬರೆಯಬೇಕು. ಅದಕ್ಕೂ ಹತ್ತೇ ರೂಪಾಯಿ.