ಮೊಟ್ಟೆ ಬೆಳ್ಳಗಾದುದೇಕೆ?

ಸೊಲ್ಲಾಪುರದ ಕಡೆಯ ಕೊಳವೆಬಾವಿಗಳ ನೀರು ಗಡಸು. ಸಾಬೂನು ನೊರೆಯಾಗದು, ಬೇಳೆ ಬೇಗ ಬೇಯದು, ಹಂಡೆಯ ಒಳಮೈಗೆ ಬಿಳಿಯ ಪದರು ಕಟ್ಟುತ್ತದೆ. ಕರಿಕಲ್ಲಿನ ಬಿರುಕುಗಳಲ್ಲಿ ಇಳಿಯುವ ಮಳೆನೀರು ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಲವಣಗಳನ್ನು ಕರಗಿಸಿಕೊಳ್ಳುವುದೇ ಇದಕ್ಕೆ ಕಾರಣ. ಏಳನೆಯ ತರಗತಿಯ ಬಾಲಕಿಯೊಬ್ಬಳು ಕೇಳಿದ್ದಾಳೆ: "ಇದೇ ನೀರಿನಲ್ಲಿ ನಮ್ಮ ಗಪ್ಪಿ ಮೀನುಗಳು ತಿಂಗಳು ತಿಂಗಳೂ ಮರಿ ಹಾಕುತ್ತವೆ. ನಿಯಾನ್ ಟೆಟ್ರಾದ ಮೊಟ್ಟೆಗಳು ಮಾತ್ರ ಬೆಳ್ಳಗಾಗಿ ಕೆಡುವುದೇಕೆ? ನೀರನ್ನು ಸೋಸಿಯೇ ಹಾಕಿದ್ದೆವು."

ಸೋಸಿದರೆ ಕಸ ಹೋಗುತ್ತದೆ. ಕರಗಿದ ಲವಣ ಹೋಗುವುದಿಲ್ಲ. ಗಪ್ಪಿ ಗಡಸು ನೀರಿಗೆ ಒಗ್ಗಿಕೊಳ್ಳುವ ಮೀನು. ನಿಯಾನ್ ಟೆಟ್ರಾದ ತವರು ಅಮೆಜಾನ್ ನದಿಯ ಮೇಲ್ಭಾಗದ ಕಾಡುತೊರೆಗಳು. ಉದುರಿದ ಎಲೆಗಳ ಒಗರು ಇಳಿದು ಅಲ್ಲಿಯ ಎಷ್ಟೋ ತೊರೆಗಳ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮ ಕಣ್ಣಿಗೆ ಅದು ಕೊಳೆನೀರು. ಆದರೆ ಅದರಲ್ಲಿ ಲವಣ ಅತ್ಯಲ್ಪ. ಬೆಳೆದ ಮೀನು ನಮ್ಮ ನೀರನ್ನು ಹೇಗೋ ಸಹಿಸೀತು, ಮೊಟ್ಟೆ ಸಹಿಸದು.

ಕುದಿಸಿ ತಣಿಸಿದರೆ ಗಡಸುತನದ ಒಂದು ಪಾಲು ಮಾತ್ರ ತಳಕ್ಕಿಳಿಯುತ್ತದೆ. ಉಪ್ಪು ಹಾಕಿ ನಡೆಸುವ ಸಾಫ್ಟನರ್ ಯಂತ್ರ ಕ್ಯಾಲ್ಸಿಯಂ ತೆಗೆದು ಆ ಜಾಗದಲ್ಲಿ ಸೋಡಿಯಂ ಇಡುತ್ತದೆ. ಅದು ಬಟ್ಟೆಗೆ ಒಳ್ಳೆಯದು, ಮೊಟ್ಟೆಗಲ್ಲ. ಎಲ್ಲಕ್ಕಿಂತ ಸುಲಭವಾದುದು ಮಳೆನೀರು. ಮೊದಲ ಮಳೆ ಗಾಳಿಯ ಧೂಳನ್ನು ತೊಳೆದುಹೋಗಲಿ. ಆಮೇಲೆ ಬಯಲಿನಲ್ಲಿ ಪ್ಲಾಸ್ಟಿಕ್ ಬುಟ್ಟಿಯಿಟ್ಟು ಹಿಡಿಯಬೇಕು. ಸಿಮೆಂಟ್ ಮಾಳಿಗೆಯಿಂದ ಇಳಿದ ನೀರಿನಲ್ಲಿ ಸುಣ್ಣವೂ, ತಗಡಿನಿಂದ ಇಳಿದುದರಲ್ಲಿ ಸತುವೂ ಸೇರಬಹುದು. ಮನೆಯಲ್ಲಿ ಆರ್‌ಒ ಯಂತ್ರವಿದ್ದರೆ ಅದರ ನೀರೂ ಆದೀತು. ಎರಡಕ್ಕೂ ಬಾವಿಯ ನೀರನ್ನು ತುಸು, ಹತ್ತಕ್ಕೆ ಒಂದು ಪಾಲಿನಷ್ಟು ಬೆರೆಸಬೇಕು. ಲವಣವೇ ಇಲ್ಲದ ನೀರಿನ ಆಮ್ಲೀಯತೆ ಸ್ಥಿರವಾಗಿ ನಿಲ್ಲುವುದಿಲ್ಲ.

ಶುದ್ಧತೆಯ ಮೋಹದಿಂದ ನಾನೂ ಒಮ್ಮೆ ಕೆಟ್ಟಿದ್ದೇನೆ. ಹಬ್ಬಕ್ಕೆ ಮನೆ ತೊಳೆಯುವ ಹುಮ್ಮಸ್ಸಿನಲ್ಲಿ ಮೀನಿನ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಮರಳನ್ನೂ ಸೋಸುವ ಸ್ಪಂಜನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದೆ. ನೀರು ಕನ್ನಡಿಯಂತಿತ್ತು, ವಾರದೊಳಗೆ ಮೀನುಗಳೆಲ್ಲ ಸತ್ತವು. ಅವುಗಳ ಮಲದಿಂದ ಹುಟ್ಟುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಗಳು ಆ ಸ್ಪಂಜಿನಲ್ಲೇ ನೆಲೆಸಿದ್ದವು. ಈಗ ವಾರಕ್ಕೊಮ್ಮೆ ಕಾಲುಭಾಗ ನೀರನ್ನಷ್ಟೇ ಬದಲಿಸುತ್ತೇನೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ.

ಮಗು, ಮೃಗಶಿರೆಯ ಮಳೆ ಹಿಡಿಯಲಿ. ಪುಟ್ಟ ತೊಟ್ಟಿಯೊಂದರಲ್ಲಿ ಜೋಡಿಯನ್ನು ಬಿಟ್ಟು, ಮೊಟ್ಟೆಯಿಟ್ಟೊಡನೆ ದೊಡ್ಡವನ್ನು ಹೊರತೆಗೆ, ಇಲ್ಲವಾದರೆ ತಿಂದುಬಿಡುತ್ತವೆ. ಆ ಮೊಟ್ಟೆಗಳಿಗೆ ಬೆಳಕೂ ಆಗದು. ಮರಿಗಳು ಈಜತೊಡಗುವ ಐದನೆಯ ದಿನದವರೆಗೆ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿಡು.