ಮಕ್ಕಳ ಹಾಡಿಗೆ ಊರು ಕಿವಿಗೊಡಲಿ

ಮಕ್ಕಳ ಹಾಡನ್ನು ನಾವು ಶಾಲೆಯ ವಾರ್ಷಿಕೋತ್ಸವಕ್ಕೆ ಕಟ್ಟಿಹಾಕಿದ್ದೇವೆ. ಅದನ್ನು ಅಹವಾಲಿನಂತೆ ಕೇಳಿಸಿಕೊಳ್ಳಬೇಕು ಎಂಬುದು ನನ್ನ ವಾದ.

ಟ್ಯಾಗೋರರ ಗಿಣಿಯ ಕಥೆಯನ್ನು ಬಿ.ವಿ. ಕಾರಂತರು ‘ಪಂಜರ ಶಾಲೆ’ ನಾಟಕವಾಗಿಸಿದರು. ವಿದ್ಯೆಯ ಹೆಸರಲ್ಲಿ ಗಿಣಿಯ ಬಾಯಿಗೆ ಪುಸ್ತಕದ ಹಾಳೆ ತುರುಕುವ ಆ ಕಥೆಯನ್ನು ಮಕ್ಕಳೇ ಹಾಡಿ ಆಡುವಾಗ, ಎದುರು ಕೂತ ಪೋಷಕರಿಗೆ ಪ್ರಶ್ನೆ ನೇರವಾಗಿ ನಾಟುತ್ತದೆ. ಮಕ್ಕಳಿಗಾಗಿ ಹಾಡುವ ಕೆನಡಾದ ಗಾಯಕ ರಫಿ ಕವೂಕಿಯನ್ ಮಕ್ಕಳನ್ನು ಗುರಿಯಾಗಿಸುವ ಜಾಹೀರಾತುಗಳಿಂದ ದೂರ ಉಳಿದರು. ಮಕ್ಕಳನ್ನು ಗೌರವಿಸುವ ಸಮಾಜಕ್ಕಾಗಿ 2010ರಲ್ಲಿ ಸಂಸ್ಥೆಯನ್ನೇ ಕಟ್ಟಿದರು.

ಬೆಂಗಳೂರಿನ ಹಲಸೂರಿನಲ್ಲಿ ನಾನು ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಮನೆಯಲ್ಲಿ ತಮಿಳು, ಉರ್ದು, ತೆಲುಗು ಮಾತಾಡುವ ಮಕ್ಕಳು ಕನ್ನಡದಲ್ಲಿ ತಾವೇ ಸಾಲು ಕಟ್ಟುತ್ತಾರೆ. ಚಂದಮಾಮನಿಗಿಂತ ಹೆಚ್ಚಾಗಿ ಅದರಲ್ಲಿ ಬರುವುದು ಫುಟ್‌ಪಾತ್ ಮೇಲೆ ನಿಲ್ಲಿಸಿದ ಬೈಕು, ಬೀಗ ಜಡಿದ ಆಟದ ಮೈದಾನ, ದಾಟಲು ಭಯವಾಗುವ ಹಳೇ ಮದ್ರಾಸ್ ರಸ್ತೆ.

ಆಟ, ವಿರಾಮ, ಕಲೆ ಮಕ್ಕಳ ಹಕ್ಕು ಎನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಪ್ರತಿ ವಾರ್ಡ್ ಸಭೆಯೂ ಮಕ್ಕಳು ಕಟ್ಟಿದ ಹಾಡಿನಿಂದ ಶುರುವಾಗಲಿ. ಅವರು ಕೇಳಿದ್ದು ಸಭೆಯ ನಡಾವಳಿಯಲ್ಲಿ ದಾಖಲಾಗಲಿ; ಮುಂದಿನ ಸಭೆಯಲ್ಲಿ ಅಧಿಕಾರಿಗಳು ಆ ಮಕ್ಕಳಿಗೇ ಉತ್ತರ ಕೊಡಲಿ.