ಬೀಗ ಹಾಕಿದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಮಾಡಿದ ಹಿರಿಯರಿಗೆ ಸರಕಾರದವರು ಕಟ್ಟಿಕೊಡುವ ಮನೆಯ ಅನುಭವ ಇರಲಿಲ್ಲವೆಂದು ತೋರುತ್ತದೆ. ಇದ್ದಿದ್ದರೆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿತ್ತು: ಪಟ್ಟಿಯಲ್ಲಿ ಹೆಸರು ಬರೆಯಿಸಿ ನೋಡು.

ಕಳೆದ ಸಂಚಿಕೆಯಲ್ಲಿ ರೇಷನ್ ಕಾರ್ಡಿನ ಪುರಾಣ ಬರೆದಿದ್ದೆನಷ್ಟೆ. ಅದನ್ನೋದಿದ ಚಿಂಚವಡದ ಹಿರಿಯ ವಾಚಕರೊಬ್ಬರು, ಸರಕಾರದ ಮನೆಗಳ ವಿಷಯವನ್ನೂ ಬರೆಯಿರಿ, ನಮ್ಮ ಮನೆಗೆಲಸದಾಕೆ ದಿನವೂ ಕೇಳುತ್ತಾಳೆ, ನನಗೆ ಉತ್ತರ ತಿಳಿಯದು ಎಂದು ಕಾಗದ ಹಾಕಿದ್ದಾರೆ. ನಿಜ ಹೇಳಬೇಕೆಂದರೆ ಈ ವಿಷಯವನ್ನು ನಾನೇ ತಪ್ಪಿಸಿಕೊಂಡು ಬಂದಿದ್ದೆ. ಇದರಲ್ಲಿ ನನ್ನದೇ ಒಂದು ನಾಚಿಕೆಯ ಸಂಗತಿಯಿದೆ.

2017ರಲ್ಲಿ ನಮ್ಮ ಕಟ್ಟಡದ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದ ಸುರಪುರದ ಕಡೆಯ ಹೆಣ್ಣುಮಗಳೊಬ್ಬಳು ಮರಾಠಿಯ ಚೀಟಿಯೊಂದನ್ನು ಹಿಡಿದು ಬಾಗಿಲಿಗೆ ಬಂದಳು. “ಅಣ್ಣಾರ, ಇದ್ರಾಗ ಏನ್ ಬರದಾರ್ರಿ?” ಎಂದಳು. ಅವರ ವಸ್ತಿಯಲ್ಲಿ ಬರುವ ರವಿವಾರ ಸಭೆ, ಆಮೇಲೆ ಮನೆ ಮನೆಯ ಮೋಜಣಿ ಎಂದು ಬರೆದಿತ್ತು. ಬಿ.ಎ. ಪಾಸಾಗಿ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು, “ಸಭೆ ಗಿಭೆ ಬಿಡವ್ವಾ, ಅಲ್ಲಿ ಭಾಷಣ ಮಾಡುತ್ತಾರೆ ಅಷ್ಟೆ. ಕಾಗದಪತ್ರ ಜೋಪಾನವಾಗಿದ್ದರೆ ಸಾಕು” ಎಂದು ಗತ್ತಿನಿಂದ ಹೇಳಿದೆ. ಮಾತು ಕೇಳಿ ಅವಳು ನಿಶ್ಚಿಂತಳಾದಳು. ತಂಗಿಯ ಲಗ್ನಕ್ಕೆಂದು ಗಂಡ, ಮಗಳೊಡನೆ ಊರಿಗೆ ಹೋದಳು.

ಹದಿನೈದು ದಿನಗಳ ಮೇಲೆ ಬಂದು ನೋಡಿದರೆ, ಪಟ್ಟಿಯಲ್ಲಿ ಅವರ ಗುಡಿಸಲ ನಂಬರಿನ ಮುಂದೆ ಹೆಸರಿಲ್ಲ. ‘ಬಂದ್’ ಎಂದಿತ್ತು. ಮರಾಠಿಯಲ್ಲಿ ಅದರ ಅರ್ಥ ಮುಚ್ಚಿದೆ ಎಂದು. ಹದಿಮೂರು ವರ್ಷ ಸಂಸಾರ ಮಾಡಿದ ಮನೆ ಒಂದು ಬೀಗದಿಂದಾಗಿ ಯಾರದೂ ಅಲ್ಲವಾಯಿತು. ಸಭೆಗೆ ಹೋಗಿದ್ದವರಿಗೆ ಮೋಜಣಿಯ ದಿನ ತಿಳಿದಿತ್ತು. ಊರಿಗೆ ಹೋಗುವವರು ನೆರೆಯವರ ಕೈಯಲ್ಲಿ ಕಾಗದ ಕೊಟ್ಟು ಹೋಗಬಹುದೆಂದು ಅಲ್ಲಿಯೇ ಹೇಳಿದ್ದರಂತೆ. ಆ ಮೇಲೆ ಹನ್ನೊಂದು ತಿಂಗಳು ನಾನು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಕಡೆಗೊಮ್ಮೆ ಹೆಸರೇನೋ ಸೇರಿತು. ಆದರೆ ಅಷ್ಟರಲ್ಲಿ ನಕ್ಷೆ ತಯಾರಾಗಿತ್ತು, ಮನೆಗಳ ಸಂಖ್ಯೆ ಗೊತ್ತಾಗಿತ್ತು. ಆ ಸಂಖ್ಯೆಯೊಳಗೆ ಇವರಿಲ್ಲ.

ಒಂದು ಬಗೆಯ ಪ್ರಾಯಶ್ಚಿತ್ತವೆಂಬಂತೆ ನಾನು ಇಂಥ ಯೋಜನೆಗಳ ವಿಷಯ ಓದತೊಡಗಿದೆ, ಒಂದು ರವಿವಾರ ಯರವಡೆಗೂ ಹೋಗಿ ಬಂದೆ. ಯರವಡೆ ಎಂದೊಡನೆ ನಮಗೆ ನೆನಪಾಗುವುದು ಗಾಂಧೀಜಿಯವರಿದ್ದ ಜೈಲು. ಅದರಾಚೆಗಿನ ವಸ್ತಿಗಳಲ್ಲಿ ನಡೆದದ್ದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. 2005ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ನೆಹರೂ ಅವರ ಹೆಸರಿನ ನಗರ ನವೀಕರಣ ಯೋಜನೆಯನ್ನು ಆರಂಭಿಸಿತಷ್ಟೆ. ನಗರದ ಬಡವರಿಗೆ ಮನೆ, ನೀರು, ಚರಂಡಿ ಒದಗಿಸುವುದು ಅದರ ಒಂದು ಶಾಖೆ. ಪುಣೆಯಲ್ಲಿ ಹಡಪಸರ, ವಾರಜೆಗಳಲ್ಲಿ ಆ ಹಣದಿಂದ ಬಹುಮಹಡಿ ಕಟ್ಟಡಗಳೆದ್ದವು. ಜನ ಇದ್ದ ಜಾಗ ಬಿಟ್ಟು ಅಲ್ಲಿಗೆ ಹೋಗಬೇಕಾಯಿತು. ಯರವಡೆಯಲ್ಲಿ ಹಾಗಾಗಲಿಲ್ಲ. ಮದರ್ ತೆರೇಸಾ ನಗರ, ನೇತಾಜಿ ನಗರ, ಭಾಟ ನಗರ, ವಡಾರ ವಸ್ತಿ ಮೊದಲಾದೆಡೆ ಇದ್ದ ಜಾಗದಲ್ಲೇ ಮನೆ ಕಟ್ಟುವುದೆಂದು ಗೊತ್ತಾಯಿತು. ವಡಾರರೆಂದರೆ ಬೇರೆ ಯಾರೂ ಅಲ್ಲ, ನಮ್ಮ ಕಡೆ ವಡ್ಡರು, ಭೋವಿಗಳು ಎನ್ನುವ ಕಲ್ಲುಕೆಲಸದ ಜನ. ಎಷ್ಟೋ ಊರುಗಳ ಗೋಡೆ ಕಟ್ಟಿದವರಿಗೆ ಸ್ವಂತ ಗೋಡೆಗಾಗಿ ಸರದಿಯಲ್ಲಿ ನಿಲ್ಲುವ ಪ್ರಸಂಗ!

ಮನೆಯೊಂದಕ್ಕೆ 270 ಚದರ ಅಡಿ, ಖರ್ಚು ಸುಮಾರು 3 ಲಕ್ಷ ರೂಪಾಯಿ. ಅದರಲ್ಲಿ ಅರ್ಧ ಕೇಂದ್ರದ್ದು, ನೂರಕ್ಕೆ 30 ರಾಜ್ಯದ್ದು, 10 ಮಹಾನಗರಪಾಲಿಕೆಯದು, ಉಳಿದ 10 ಮನೆಯವರದು. ಗಟ್ಟಿಯಾದ ಪಕ್ಕಾ ಮನೆಗಳನ್ನು ಮುಟ್ಟದೆ ಕಚ್ಚಾ ಮನೆಗಳನ್ನಷ್ಟೇ ಕೆಡವಿ ಕಟ್ಟಬೇಕು. ಹೇಳುವುದಕ್ಕೆ ಸುಲಭ. ಆದರೆ ಒಬ್ಬರ ಗುಡಿಸಲು ಅಗಲವಾಗಿದೆ, ಇನ್ನೊಬ್ಬರದು ಮಂಚ ಹಾಕಿದರೆ ಮುಗಿಯಿತು, ಮತ್ತೊಬ್ಬರ ಗೋಡೆಯೇ ಮೂರು ಮನೆಗಳಿಗೆ ಗೋಡೆ. ಇದನ್ನು ಕಚೇರಿಯ ಮೇಜಿನ ಮೇಲೆ ಕಾಗದ ಹರವಿ ತೀರ್ಮಾನಿಸುವುದು ಬ್ರಹ್ಮನಿಗೂ ಆಗದ ಕೆಲಸ. ಇಲ್ಲಿ ನಡುವೆ ನಿಂತವರು ಮಹಿಳಾ ಮಿಲನದ ಹೆಂಗಸರು, ಅಂದರೆ ಅದೇ ವಸ್ತಿಗಳಲ್ಲಿ ದಿನಕ್ಕಿಷ್ಟು ಎಂದು ಉಳಿತಾಯ ಮಾಡುವ ಗುಂಪಿನವರು. ಅವರು ಓಣಿ ಓಣಿಗೆ ಹೋಗಿ ಮನೆಗಳನ್ನು ಎಣಿಸಿದರು. ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿ ಮತ್ತು ಅವರ ಜೊತೆಗಾರರು ನಕ್ಷೆಗಳನ್ನು ಹಿಡಿದು ವಸ್ತಿಯ ಜನರೊಡನೆ ಕುಳಿತು ಮಾತಾಡಿದರು. ಜಾಗ ಸಾಲದ ಕಡೆ ನೆರೆಹೊರೆಯವರು ಕೂಡಿ ಒಂದೇ ಮೆಟ್ಟಿಲಿಗೆ ಒಪ್ಪಿದರು. ಕೆಲವರು ಓಣಿಗಾಗಿ ಒಂದಿಷ್ಟು ಜಾಗ ಬಿಟ್ಟರು.

ಎಲ್ಲ ಸುಗಮವಾಯಿತೆಂದು ಹೇಳಿದರೆ ಸುಳ್ಳಾದೀತು. ಮನೆ ಕೆಡವಿದ ಮೇಲೆ ತಿಂಗಳುಗಟ್ಟಲೆ ಬಾಡಿಗೆ ಕೊಟ್ಟು ಬೇರೆಡೆ ಇರುವ ಹೊರೆ ಮನೆಯವರ ಮೇಲೆಯೇ ಬಿತ್ತು. ಕಾಗದವಿಲ್ಲದವರು ಹೊರಗುಳಿದರು. ನೆರೆಯವನೊಬ್ಬ ಒಲ್ಲೆನೆಂದರೆ ಅವನ ಜೊತೆಗೆ ಪಕ್ಕದವರ ಕೆಲಸವೂ ನಿಂತಿತು. ಆದರೂ ಆ ಓಣಿಯಲ್ಲಿ ನಡೆದಾಗ, ಇದು ಯಾರೋ ತಂದು ಇಟ್ಟುಹೋದ ಊರಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ.

ಈ ಎಣಿಕೆಯ ವಿದ್ಯೆಯನ್ನು ಕಲಿಸಿದವರಲ್ಲಿ ಒಬ್ಬರು ನಮ್ಮ ನಾಡಿನವರೇ ಎಂಬುದು ತಿಳಿದಾಗ ನನಗೆ ಹಿಗ್ಗಾಯಿತು. ಜಾಕಿನ್ ಅರ್ಪುತಂ ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಹರೆಯದಲ್ಲಿ ಮುಂಬಯಿಗೆ ಬಂದು ಅಲ್ಲಿಯ ಜನತಾ ಕಾಲೊನಿಯಲ್ಲಿ ಬಾಳಿದರು. 1976ರಲ್ಲಿ ಆ ಕಾಲೊನಿಯನ್ನೇ ನೆಲಸಮ ಮಾಡಲಾಯಿತು. ಅವರು ಕಟ್ಟಿದ ಕೊಳೆಗೇರಿ ನಿವಾಸಿಗಳ ರಾಷ್ಟ್ರೀಯ ಒಕ್ಕೂಟ, ಮುಂಬಯಿಯ ಸ್ಪಾರ್ಕ್ ಸಂಸ್ಥೆ, ಮಹಿಳಾ ಮಿಲನ ಈ ಮೂರೂ ಜೊತೆಯಾಗಿ ದುಡಿದವು. ಸ್ಪಾರ್ಕ್ 1985ರಲ್ಲಿ ಪಾದಚಾರಿ ದಾರಿಯ ಮೇಲೆ ವಾಸಿಸುವವರನ್ನು ಎಣಿಸಿ ವರದಿ ಪ್ರಕಟಿಸಿತು. ಸರಕಾರದ ಕಣ್ಣಿಗೆ ಬೀಳದವರು ತಮ್ಮ ಲೆಕ್ಕವನ್ನು ತಾವೇ ಬರೆದಿಟ್ಟುಕೊಂಡರೆ, ಮಾತಾಡಲು ಹೋದಾಗ ಬರಿಗೈಯಲ್ಲಿ ಹೋಗಬೇಕಾಗಿಲ್ಲವಷ್ಟೆ. 2000ರಲ್ಲಿ ಜಾಕಿನ್‌ರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. 2018ರಲ್ಲಿ ತೀರಿಕೊಂಡರು.

ಅಮೇರಿಕೆಯಲ್ಲಿಯೂ ಇದೇ ಜಗಳ ನಡೆದಿತ್ತು. ಅಲ್ಲಿ ಕೇಂದ್ರದ ಹಣದಿಂದ ಬಡವರ ಕೇರಿಗಳನ್ನು ಕೆಡವಿ ಕಟ್ಟುವಾಗ ಊರವರ ಅಭಿಪ್ರಾಯ ಪಡೆಯಬೇಕೆಂಬ ಕಟ್ಟಳೆಯಿತ್ತು. ಅಭಿಪ್ರಾಯ ಪಡೆದದ್ದಕ್ಕೆ ರುಜುಗಳೂ ಇರುತ್ತಿದ್ದವು! ಷೆರಿ ಆರ್ನ್‌ಸ್ಟೀನ್ ಎಂಬಾಕೆ 1969ರಲ್ಲಿ ಒಂದು ಲೇಖನ ಬರೆದು, ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಗೆ ಹೋಲಿಸಿದಳು. ಕೆಳಗಿನ ಎರಡು ಮೆಟ್ಟಿಲು ಬರಿಯ ಕಣ್ಣೊರೆಸುವಿಕೆ. ತಿಳಿಸುವುದು, ಕೇಳುವುದು, ಸಮಾಧಾನಪಡಿಸುವುದು ನಡುವಿನವು. ಜನರ ಕೈಗೆ ಒಂದಿಷ್ಟು ಅಧಿಕಾರ ಬರುವುದು ಆರನೆಯದರಿಂದ. ನನ್ನ ಹೆಣ್ಣುಮಗಳಿಗೆ ಸಿಕ್ಕಿದ್ದ ಚೀಟಿ ಮೂರನೆಯ ಮೆಟ್ಟಿಲಿನದು. ಅದನ್ನೂ ಹತ್ತದಂತೆ ಮಾಡಿದವನು ನಾನು.

ಗುಮಾಸ್ತನ ಅನುಭವದಿಂದ ಒಂದು ಮಾತು ಹೇಳುತ್ತೇನೆ, ಕೋಪಿಸಬೇಡಿ. ಒಂದು ಕಡತದಲ್ಲಿ ಮೊದಲನೆಯ ಟಿಪ್ಪಣಿ ಬರೆದವನೇ ಅರ್ಧ ತೀರ್ಪು ಬರೆದಂತೆ. ಮೇಲಿನವರು ಅದರ ಕೆಳಗೆ ರುಜು ಹಾಕುತ್ತ ಹೋಗುತ್ತಾರೆ. ನಗರದ ಯೋಜನೆಗಳಲ್ಲಿ ಆ ಮೊದಲ ಟಿಪ್ಪಣಿಯೆಂದರೆ ಮೋಜಣಿಯ ಪಟ್ಟಿ. ನಕ್ಷೆ ಅಚ್ಚಾದ ಮೇಲೆ ಸೂಚನೆ, ಹರಕತ್ತು ಕೊಡಿರೆಂದು ಪತ್ರಿಕೆಯಲ್ಲಿ ಪ್ರಕಟಿಸುವುದು ಮದುವೆಯಾದ ಮೇಲೆ ಜಾತಕ ಕೇಳಿದಂತೆ. 2013ರಲ್ಲಿ ನಮ್ಮ ಪುಣೆಯ ಅಭಿವೃದ್ಧಿ ಆರಾಖಡಾ ಪ್ರಕಟವಾದಾಗ 80 ಸಾವಿರಕ್ಕೂ ಮಿಕ್ಕಿ ಹರಕತ್ತುಗಳು ಬಂದವು. ಪಾಪ, ಅವುಗಳನ್ನು ಓದಿದ ಗುಮಾಸ್ತರನ್ನು ನೆನೆದರೆ ನನ್ನ ಕಣ್ಣು ಒದ್ದೆಯಾಗುತ್ತದೆ. ಕಡೆಗೆ 2015ರಲ್ಲಿ ರಾಜ್ಯ ಸರಕಾರ ಆ ಆರಾಖಡಾವನ್ನೇ ಪಾಲಿಕೆಯ ಕೈಯಿಂದ ತೆಗೆದುಕೊಂಡಿತು.

ಇದೆಲ್ಲ ವಸ್ತಿಯವರ ಗೋಳು, ಫ್ಲಾಟಿನಲ್ಲಿರುವ ನಮಗೇಕೆ ಎಂದು ಕೆಲವರು ಅನ್ನಬಹುದು. ಪುಣೆ ಪಾಲಿಕೆಯಲ್ಲಿ 2006ರಿಂದ, ಬಜೆಟ್ಟಿಗೆ ಮುಂಚೆ ನಾಗರಿಕರು ತಮ್ಮ ಭಾಗಕ್ಕೆ ಬೇಕಾದ ಸಣ್ಣ ಕೆಲಸಗಳನ್ನು ಅರ್ಜಿಯಲ್ಲಿ ಬರೆದುಕೊಡುವ ಪದ್ಧತಿಯಿದೆ. ನಮ್ಮ ಸಂಘದ ಎಷ್ಟು ಮನೆಯವರು ಆ ಅರ್ಜಿಯನ್ನು ಕಣ್ಣಾರೆ ಕಂಡಿದ್ದೇವೆ? ನಾನು ಮೊದಲ ಸಲ ಕಂಡದ್ದು ಮೂವತ್ತು ದಾಟಿದ ಮೇಲೆ. ಇಪ್ಪತ್ತು ವರ್ಷ ಇಲ್ಲಿದ್ದರೂ ಊರೆಂದರೆ ಧಾರವಾಡವೋ ಕಲಬುರ್ಗಿಯೋ ಎನ್ನುತ್ತೇವೆ. ಆಗ ಇಲ್ಲಿಯ ಬೀದಿ ಅನ್ಯರ ಬೀದಿಯಾಗಿಯೇ ಉಳಿಯುತ್ತದೆ. ನಮ್ಮ ಮನೆಗೂ ಬೀಗ ಬಿದ್ದಂತೆಯೇ ಅಲ್ಲವೆ?

ಚಿಂಚವಡದ ಹಿರಿಯರಿಗೆ ಇಷ್ಟು ಹೇಳಬಲ್ಲೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ ಯೋಜನೆಯ ಎರಡನೆಯ ಘಟ್ಟ 2024ರಲ್ಲಿ ಬಂದಿದೆ. ನಿಮ್ಮ ಮನೆಗೆಲಸದಾಕೆಗೆ ಅರ್ಜಿ ತುಂಬಿಕೊಡಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಅವರ ವಸ್ತಿಯಲ್ಲಿ ಸಭೆ ಯಾವಾಗ, ಮೋಜಣಿ ಯಾವಾಗ ಎಂದು ಕೇಳಿಕೊಂಡು, ಆ ದಿನ ಅವಳಿಗೆ ರಜೆ ಕೊಡಿ. ಪಾತ್ರೆ ಒಂದು ದಿನ ಹಾಗೇ ಇರಲಿ.

ನಮ್ಮ ಸುರಪುರದವಳ ವಸ್ತಿಯಲ್ಲಿ ಮತ್ತೆ ಮೋಜಣಿ ಆಗಲಿದೆಯಂತೆ. ಈ ಸಲ ಚೀಟಿ ನನ್ನ ಹತ್ತಿರ ಬರಲಿಲ್ಲ. ಅವಳ ಮಗಳು ಈಗ ಮರಾಠಿ ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಅವಳೇ ಓದಿ ಹೇಳುತ್ತಾಳೆ. ಹೋದ ವಾರ ಆ ಹುಡುಗಿ ಬಂದು, ಮನೆ ಅಳೆದಿಟ್ಟುಕೊಳ್ಳುತ್ತೇವೆ ಎಂದು ನಮ್ಮ ಅಳತೆಯ ಟೇಪನ್ನು ಕೇಳಿ ಒಯ್ದಳು. ಪಕ್ಕದ ಓಣಿಯವರೂ ಇಸಿದುಕೊಂಡಿದ್ದಾರೆಂದು ಕೇಳಿದೆ. ಟೇಪು ಇನ್ನೂ ತಿರುಗಿ ಬಂದಿಲ್ಲ.